ಮೆಣಸು ಮಾಡಿದ ಮೊಲದ ಆಸನ

ಕಾರ್ಖಾನೆಯ ಮೇಲಿನ ಮನೆಯಿಂದ,
೨೧ ಆಗಸ್ಟ್, ಭಾನುವಾರ

ಮಗನಿಗೆ ತಾಯಿಯ ಆಶೀರ್ವಾದ.

ನಿನ್ನನ್ನು ಹೆತ್ತವಳು ಬರೆಯುತ್ತಿದ್ದೇನೆ. ಹತ್ತನೇ ತರಗತಿಯವರೆಗೆ ಓದಿದವಳು, ಒಂದೇ ಒಂದು ಹೊಲಿಗೆ ಯಂತ್ರದಿಂದ ಶುರುಮಾಡಿ ಈ ಪಟ್ಟಣದ ಮುಕ್ಕಾಲು ಪಾಲು ಮಕ್ಕಳಿಗೆ ಸಮವಸ್ತ್ರ ಹೊಲಿದು ಕೊಡುವ ಕಾರ್ಖಾನೆ ಕಟ್ಟಿದವಳು, ಪ್ರಾಥಮಿಕ ಶಾಲೆಯ ಆಡಳಿತ ಸಮಿತಿಯ ಅಧ್ಯಕ್ಷೆ. ನನಗಿಂತ ವಯಸ್ಸಾದವರೂ ಬೀದಿಯಲ್ಲಿ ನನ್ನನ್ನು ‘ದೊಡ್ಡಮ್ಮ’ ಎನ್ನುತ್ತಾರೆ. ಇದೆಲ್ಲ ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬರೆದಿದ್ದೇನೆ. ಮುಂದೆ ಓದುವಾಗ ‘ಯಾರೋ ಚಾಡಿ ಹೇಳಿ ಅಮ್ಮನ ತಲೆ ಕೆಡಿಸಿದ್ದಾರೆ’ ಎಂದು ನಿನಗೆ ಅನ್ನಿಸುತ್ತದೆ. ನನ್ನ ತಲೆ ಕೆಡಿಸುವವರು ಇನ್ನೂ ಹುಟ್ಟಿಲ್ಲ.

ಉತ್ತರ ತಡವಾಯಿತು. ನೀನು ಫೋನ್ ಮಾಡಿದಾಗಲೆಲ್ಲ ಎತ್ತದೆ ಬಿಟ್ಟದ್ದು ಬೇಕೆಂದೇ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ನಾನೂ ನಿನ್ನ ಮಾತು ಮುಗಿಯಲು ಬಿಡುವವಳಲ್ಲ. ಕಾಗದಕ್ಕೆ ಆ ತೊಂದರೆಯಿಲ್ಲ. ಇದನ್ನು ಕೆಲಸಕ್ಕೆ ಹೊರಡುವ ಮುಂಚೆ ಓದಬೇಡ. ಇಳಿದು ಬಂದು, ಕೈಕಾಲು ತೊಳೆದು, ಊಟ ಮಾಡಿ, ಆಮೇಲೆ ಓದು. ವಿದ್ಯುತ್ ಗೋಪುರ ನಿಲ್ಲಿಸುವವನಿಗೆ ಮೇಲೆ ಹತ್ತಿದಾಗ ಕಾಲು ನಡುಗಬಾರದು.

“ಮಗಳು ಸ್ಟೇಜ್ ಮೇಲೆ ಯೋಗ ಮಾಡಿದಳಂತೆ, ವಿಡಿಯೋ ಕಳಿಸಮ್ಮ” ಎಂದು ನೀನು ಪತ್ರದಲ್ಲಿ ಕೇಳಿದ್ದೆ. ವಿಡಿಯೋ ಇತ್ತು. ಸಮಿತಿಯಲ್ಲಿರುವ ಔಷಧಿ ಅಂಗಡಿಯವರು ತೆಗೆದಿದ್ದರು. ನಾನೇ ಅವರ ಅಂಗಡಿಗೆ ಹೋಗಿ, ಎದುರಿಗೆ ನಿಂತು ಅಳಿಸಿಹಾಕಿಸಿದೆ. ಯಾಕೆ ಅಳಿಸಿಹಾಕಿಸಿದೆ ಎಂಬುದೇ ಈ ಪತ್ರ. ತಿಂಗಳ ಕೊನೆಗೆ ನಿನಗೆ ರಜೆ. ಸಾಮಾನು ಕಟ್ಟುವ ಮೊದಲು ನಿನ್ನ ಮಗಳ ಸ್ಥಿತಿ ಏನು, ಅವಳಿರುವ ಮನೆಯಲ್ಲಿ ಇನ್ನು ಮುಂದೆ ನಿನಗೆ ಜಾಗ ಉಂಟೋ ಇಲ್ಲವೋ, ತಿಳಿದುಕೋ.

ಮೊದಲಿನಿಂದ ಹೇಳುತ್ತೇನೆ.

ಹೋದ ಸಲ ನೀನು ರಜೆಗೆ ಬಂದು ಹೋಗುವ ಹೊತ್ತಿಗೆ ನಿನ್ನ ಮಗಳಿಗೆ, ನಮ್ಮ ಮೆಣಸಿಗೆ, ಬಲಗಿವಿಯಲ್ಲಿ ಪೆಟ್ಟಾಗಿತ್ತು. ಕೇಳಿದ್ದಕ್ಕೆ, “ಸ್ಕೂಲಲ್ಲಿ ಚೆಂಡು ತಾಗಿತಂತೆ ಅಮ್ಮ, ನೋಡ್ಕೊಳ್ಳೋರು ಯಾರೂ ಇಲ್ವಾ ಅಲ್ಲಿ?” ಎಂದು ನೀನೇ ಹೇಳಿದೆ. ನನ್ನ ಮೊಮ್ಮಗಳಿಗೆ, ನಾನು ಅಧ್ಯಕ್ಷೆಯಾಗಿರುವ ಶಾಲೆಯಲ್ಲಿ! ಮರುದಿನವೇ ಹೆಡ್‌ಮಾಸ್ಟರನ್ನು ಕರೆಸಿ ಇಡೀ ಶಾಲೆಗೆ ಚೆಂಡಾಟ ನಿಲ್ಲಿಸಿಬಿಟ್ಟೆ. ಇದ್ದಬದ್ದ ಚೆಂಡನ್ನೆಲ್ಲ ಮೂಟೆ ಕಟ್ಟಿ ಕಾರ್ಖಾನೆಗೆ ತಂದು ನೂಲಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮಕ್ಕಳು ನನ್ನನ್ನು ನೋಡಿ ಮುಖ ತಿರುಗಿಸಿದವು. ತಿರುಗಿಸಲಿ ಎಂದುಕೊಂಡೆ.

ಆಟದ ಪೀರಿಯಡ್ ಖಾಲಿ ಬಿತ್ತು. ಅದನ್ನು ತುಂಬಿಸಲು ಹೆಡ್‌ಮಾಸ್ಟರ್ ಒಬ್ಬ ಹುಡುಗಿಯನ್ನು ಕರೆತಂದರು. ಒಂದು ತರಗತಿಗೆ ಅರ್ಧ ಹೊತ್ತು ಯೋಗ, ಅದರ ಬೆನ್ನಿಗೇ ಅರ್ಧ ಹೊತ್ತು ಚಿತ್ರ. ಮುರಿದ ಬೆಂಚು ತುಂಬಿಟ್ಟಿದ್ದ ಮೂಲೆಯ ಕೋಣೆಯನ್ನು ಅವಳೇ ಖಾಲಿ ಮಾಡಿ ಗುಡಿಸಿಕೊಂಡಳು. ಸುತ್ತಿದ ಚಾಪೆಗಳನ್ನು ಹೆಗಲ ಮೇಲೆ ಹೊತ್ತು ಓಡಾಡುತ್ತಾಳೆಂದು ಮಕ್ಕಳು ಅವಳಿಗೆ ‘ಚಾಪೆ ಟೀಚರ್’ ಎಂದು ಹೆಸರಿಟ್ಟವು. ಇನ್ನೂ ಮೂವತ್ತು ದಾಟಿಲ್ಲ. ಮೆಲ್ಲಗೆ ಮಾತಾಡುತ್ತಾಳೆ, ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ನನಗೆ ಅವಳು ಮೊದಲ ದಿನದಿಂದ ಹಿಡಿಸಲಿಲ್ಲ.

“ಮಕ್ಕಳನ್ನ ಮಲಗಿಸೋದಕ್ಕೆ ಸ್ಕೂಲ್ ಯಾಕಮ್ಮ, ಮನೇಲಿ ಮಂಚ ಇಲ್ವಾ?” ಎಂದೆ.

“ಮಂಚದ ಮೇಲೆ ನಿದ್ದೆ ಬರುತ್ತೆ ದೊಡ್ಡಮ್ಮ. ಇಲ್ಲಿ ಎಚ್ಚರವಾಗಿ ಮಲಗೋದು ಕಲಿಸ್ತೀನಿ” ಎಂದಳು.

“ಇದಕ್ಕೆ ಅಂಕ ಎಷ್ಟು?”

“ಅಂಕ ಇಲ್ಲ.”

“ಅಂಕ ಇಲ್ಲದ ಪಾಠ ಉಪ್ಪಿಲ್ಲದ ಊಟ” ಎಂದು ಹೇಳಿ ಎದ್ದು ಬಂದೆ. ಒಂದೆರಡು ವಾರ ನೋಡಿ ನಿಲ್ಲಿಸಿಬಿಡುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ.

ಅಷ್ಟರಲ್ಲಿ ಊರಿನವರ ಬಾಯಿಗೆ ಅದು ಸಿಕ್ಕಿತ್ತು. ಅವಳು ಮಕ್ಕಳಿಗೆ ಕಿವಿ ಮುಚ್ಚಿಕೊಂಡು ದುಂಬಿಯ ಹಾಗೆ ಗುಂಯ್ ಎನ್ನುತ್ತ ಉಸಿರು ಬಿಡುವುದನ್ನು ಕಲಿಸಿದ್ದಳು. ಅಷ್ಟೂ ಮಕ್ಕಳು ಒಟ್ಟಿಗೆ ಶುರುಮಾಡಿದರೆ ಆ ಸದ್ದು ಬೀದಿಯ ಕೊನೆಯ ಚಪ್ಪಲಿ ಅಂಗಡಿಯವರೆಗೂ ಹೋಗುತ್ತಿತ್ತು. ಚಪ್ಪಲಿಯವನು ನನ್ನನ್ನು ಕಂಡು, “ದೊಡ್ಡಮ್ಮ, ನಿಮ್ಮ ಸ್ಕೂಲಲ್ಲಿ ಜೇನು ಕಟ್ಟಿದೆಯಾ? ಹೊಗೆ ಹಾಕೋರನ್ನ ಕಳಿಸ್ಲಾ?” ಎಂದ. ಔಷಧಿ ಅಂಗಡಿಯವರು ಮಾತ್ರ, “ನಗಬೇಡಿ, ನಮ್ಮ ಮೊಮ್ಮಗ ಸಿಟ್ಟು ಬಂದ್ರೆ ಪಕ್ಕದವರನ್ನ ಕಚ್ತಿದ್ದ. ಈಗ ಮೂಲೆಗೆ ಹೋಗಿ ಗುಂಯ್ ಅಂತಾನೆ. ಕಚ್ಚೋದು ಬಿಟ್ಟಿದ್ದಾನೆ. ಟಿಂಚರ್ ವ್ಯಾಪಾರ ಇಳಿದಿದೆ” ಎಂದರು.

ಒಂದು ಗುರುವಾರ ನಾನೂ ಔಷಧಿ ಅಂಗಡಿಯವರೂ ಹೆಡ್‌ಮಾಸ್ಟರೂ ಆ ಕೋಣೆಗೆ ತನಿಖೆಗೆ ಹೋದೆವು. ಎರಡನೇ ತರಗತಿಯ ಪಾಳಿ. ಬಾಗಿಲ ಹೊರಗೆ ಪುಟ್ಟ ಬೂಟುಗಳ ಸಾಲು. ಕಿಟಕಿಗೆ ಪರದೆಯಿಲ್ಲ, ಬಿಸಿಲು ನೇರ ಚಾಪೆಗಳ ಮೇಲೆ ಬಿದ್ದಿತ್ತು. ಮಕ್ಕಳು ಮರದ ಹಾಗೆ ಒಂಟಿಕಾಲಲ್ಲಿ ನಿಂತು ಓಲಾಡಿದವು, ಬೆಕ್ಕಿನ ಹಾಗೆ ಬೆನ್ನು ಡೊಂಕು ಮಾಡಿದವು, ಒಂದರ ಮೇಲೊಂದು ಬಿದ್ದು ನಕ್ಕವು. ನನಗೆ ಹುಬ್ಬು ಗಂಟಿಕ್ಕಿತ್ತು. ಆಗ ಟೀಚರ್, “ಈಗ ಮೊಲ” ಎಂದಳು.

ಮೊಲದ ಆಸನ ಎಂದರೆ ಮಂಡಿಯೂರಿ ಕುಳಿತು, ಮುಂದಕ್ಕೆ ಬಾಗಿ, ಹಣೆ ನೆಲಕ್ಕೆ ಮುಟ್ಟಿಸಿ, ಕೈ ಎರಡನ್ನೂ ಮುಂದಕ್ಕೆ ಚಾಚುವುದು. ಬೇರೆ ಮಕ್ಕಳು ಬಗ್ಗಿದಲ್ಲೇ ಪಕ್ಕಕ್ಕೆ ಇಣುಕುತ್ತಿದ್ದವು, ಒಬ್ಬ ತನ್ನ ಕಾಲ್ಬೆರಳನ್ನೇ ಎಣಿಸುತ್ತಿದ್ದ. ನಮ್ಮ ಮೆಣಸು ಒಬ್ಬಳೇ ಟೀಚರ್ ಮಾತು ಮುಗಿಯುವ ಮೊದಲೇ ಮಡಚಿಕೊಂಡಳು. ಕತ್ತರಿಸಿದ ಬಟ್ಟೆಯನ್ನು ಮಡಿಸಿಟ್ಟ ಹಾಗೆ. ಮಂಡಿ ಎದೆಗೆ ಒತ್ತಿ, ಎರಡೂ ಕೈ ಕತ್ತಿನ ಹಿಂದೆ ಬಿಗಿಯಾಗಿ ಹೆಣೆದು, ಮೊಣಕೈಗಳನ್ನು ಕಿವಿಗೆ ಅಂಟಿಸಿ, ಅಲುಗಾಡದೆ ಇದ್ದಳು. ಉಳಿದವರು ಎದ್ದು ಕುಳಿತರೂ ಅವಳು ಏಳಲಿಲ್ಲ. ಟೀಚರ್ ಹತ್ತಿರ ಹೋಗಿ ಏನೋ ಮೆಲ್ಲಗೆ ಹೇಳಿದ ಮೇಲೆ ಎದ್ದಳು.

ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. “ನೋಡಿ ಮಾಸ್ಟ್ರೇ, ಶಿಸ್ತು ಅಂದ್ರೆ ಇದು. ನಮ್ಮ ಮನೆ ರಕ್ತ” ಎಂದೆ. ನಿಲ್ಲಿಸಬೇಕೆಂದು ಹೋದವಳು ಅಲ್ಲಿಯೇ ತರಗತಿಗೆ ಒಪ್ಪಿಗೆ ಕೊಟ್ಟೆ. ಪೋಷಕರ ಸಭೆಯಲ್ಲಿ ಮೆಣಸು ಒಬ್ಬಳೇ ವೇದಿಕೆಯ ಮೇಲೆ ಆ ಆಸನ ಮಾಡಿ ತೋರಿಸಲಿ ಎಂದೂ ಹೇಳಿದೆ.

ಟೀಚರ್ ನನ್ನ ಹಿಂದೆಯೇ ಅಂಗಳದವರೆಗೂ ಬಂದಳು. “ಅವಳೊಬ್ಬಳೇ ಬೇಡ ದೊಡ್ಡಮ್ಮ, ಎಲ್ಲರನ್ನೂ ಸೇರಿಸಿ ಮಾಡಿಸ್ತೀನಿ. ಇಲ್ಲಾಂದ್ರೆ ಬೇರೆ ಆಸನ ಮಾಡ್ಲಿ.”

“ಯಾಕೆ, ಅಧ್ಯಕ್ಷೆ ಮೊಮ್ಮಗಳು ಅಂತ ಬೇರೆಯವರು ಆಡ್ಕೊಳ್ತಾರೆ ಅಂತಾನಾ?”

“ಅದಲ್ಲ...”

“ಹಾಗಾದ್ರೆ ಮುಗೀತು” ಎಂದೆ. ಅವಳಿಗೆ ಇನ್ನೂ ಹೇಳುವುದಿತ್ತು. ನಾನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಸಭೆಯ ದಿನಕ್ಕೆ ಮೆಣಸಿಗೆ ಹೊಸ ಸಮವಸ್ತ್ರವನ್ನು ನಾನೇ ಹೊಲಿದೆ. ನಮ್ಮ ಕಟಿಂಗ್ ಮಾಸ್ಟರ್, “ದೊಡ್ಡಮ್ಮ, ನೀವು ಯಂತ್ರದ ಮುಂದೆ ಕೂತು ಎಷ್ಟು ಕಾಲ ಆಯ್ತು” ಎಂದು ನಕ್ಕರು. ಅವರ ಕೆಮ್ಮು ಈಗ ಕಡಿಮೆಯಾಗಿದೆ, ನೀನು ಕೇಳಿದ್ದೆಯಲ್ಲ. ಶಾಲೆಯ ಹಾಲ್ ತುಂಬಿತ್ತು. ನಾನು ಮುಂದಿನ ಸಾಲಿನಲ್ಲಿ, ನಿನ್ನ ಹೆಂಡತಿ ಆಸ್ಪತ್ರೆಯ ಪಾಳಿ ಮುಗಿಸಿ ನರ್ಸಿನ ಬಟ್ಟೆಯಲ್ಲೇ ಬಂದು ನನ್ನ ಹಿಂದೆ ಕುಳಿತಿದ್ದಳು. ಮೆಣಸು ವೇದಿಕೆಯ ಮೇಲೆ ಬಂದು ಚಾಪೆಯ ನಡುವೆ ನಿಂತಳು. ಮೈಕು ಕಿರುಗುಟ್ಟಿತು. ಜನ ಸುಮ್ಮನಿರಲಿ ಎಂದು ಹೆಡ್‌ಮಾಸ್ಟರ್ ಅವಳ ಪಕ್ಕದಲ್ಲಿ ನಿಂತು ಕೈ ಮೇಲೆತ್ತಿದರು.

ಅಷ್ಟೇ. ಯಾರೂ ಇನ್ನೂ ‘ಶುರುಮಾಡು’ ಎಂದಿರಲಿಲ್ಲ. ಎತ್ತಿದ ಆ ಕೈಯ ಕೆಳಗೆ ಮಗು ಕುಸಿದು ಮಡಚಿಕೊಂಡಿತು. ಹಣೆ ಚಾಪೆಗೆ ಬಡಿದ ಸದ್ದು ಮೈಕಿನಲ್ಲಿ ಕೇಳಿಸಿತು.

ಜನ ಚಪ್ಪಾಳೆ ತಟ್ಟಿದರು. ಎಷ್ಟು ಚುರುಕು, ಎಷ್ಟು ಅಚ್ಚುಕಟ್ಟು ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನು. ಹಿಂದೆ ಕುರ್ಚಿ ಸರಿದ ಸದ್ದಾಯಿತು. ತಿರುಗಿದರೆ ನಿನ್ನ ಹೆಂಡತಿ ಬಾಯಿಗೆ ಕೈ ಒತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ನಮಗೆ ಇಲ್ಲಿ ಹೆಮ್ಮೆ, ಇವಳಿಗೆ ಏನು ಬಂತೋ ಎಂದು ನನಗೆ ಕೋಪ ಬಂತು.

ಚಪ್ಪಾಳೆ ನಿಂತರೂ ಮೆಣಸು ಏಳಲಿಲ್ಲ. ಚಪ್ಪಾಳೆಯ ಸದ್ದಿಗೆ ಅವಳ ಬೆರಳುಗಳು ಕತ್ತಿನ ಮೇಲೆ ಇನ್ನಷ್ಟು ಬಿಗಿಯಾದದ್ದು ಮುಂದಿನ ಸಾಲಿನಲ್ಲಿದ್ದ ನನಗೆ ಕಾಣುತ್ತಿತ್ತು. ಹೆಡ್‌ಮಾಸ್ಟರ್, “ಸಾಕು ಮಗೂ, ಏಳು” ಎಂದರು. ಇಲ್ಲ. ಭುಜ ಮುಟ್ಟಲು ಬಗ್ಗಿದರು. ಟೀಚರ್ ಓಡಿ ಬಂದು ಅವರ ಕೈ ತಡೆದಳು. ಅವಳು ಮಗುವನ್ನು ಮುಟ್ಟಲಿಲ್ಲ. ಸ್ವಲ್ಪ ದೂರ ಬಿಟ್ಟು ವೇದಿಕೆಯ ಹಲಗೆಯ ಮೇಲೆಯೇ ಮಲಗಿದಳು, ಕೆನ್ನೆ ನೆಲಕ್ಕೆ ಇಟ್ಟು, ಮೆಣಸಿನ ಮುಖ ಇದ್ದ ಮಟ್ಟಕ್ಕೆ. ಮಲಗಿ ಆ ದುಂಬಿಯ ಸದ್ದು ಶುರುಮಾಡಿದಳು. ಹಾಲಿನಲ್ಲಿ ಅಲ್ಲಲ್ಲಿ ಕೂತಿದ್ದ ಎರಡನೇ ತರಗತಿಯ ಮಕ್ಕಳು ತಾವಾಗಿಯೇ ದನಿ ಸೇರಿಸಿದವು. ಬಹಳ ಹೊತ್ತಾದ ಮೇಲೆ ಮೆಣಸು ಒಂದು ಮೊಣಕೈ ಸಡಿಲಿಸಿ, ಆ ಸಂದಿಯಿಂದ ಟೀಚರನ್ನು ನೋಡಿದಳು.

ಜನ ಅದನ್ನೂ ಕಾರ್ಯಕ್ರಮವೆಂದುಕೊಂಡು ಮತ್ತೆ ಚಪ್ಪಾಳೆ ತಟ್ಟಿದರು. ಈ ಸಲ ನನ್ನ ಕೈ ಮೇಲೇಳಲಿಲ್ಲ.

ಸಭೆ ಮುಗಿದ ಮೇಲೆ ಆ ಮೂಲೆಯ ಕೋಣೆಗೆ ಹೋದೆ. ಟೀಚರ್ ಒಬ್ಬಳೇ ಬಣ್ಣದ ಬಟ್ಟಲು ತೊಳೆಯುತ್ತಿದ್ದಳು.

“ಏನಿದು ನಾಟಕ?” ಎಂದೆ.

ಕೈ ಒರೆಸಿಕೊಂಡು ನೆಲದ ಮೇಲೆ ಮಂಡಿಯೂರಿದಳು. “ಇದು ನಾನು ಕಲಿಸಿದ್ದು ದೊಡ್ಡಮ್ಮ” ಎಂದು ಬಗ್ಗಿ, ಕೈ ಮುಂದಕ್ಕೆ ಚಾಚಿ ತೋರಿಸಿದಳು. ಬೆನ್ನು ಉದ್ದಕ್ಕೆ ಬಿಚ್ಚಿಕೊಂಡಿತು. ಮತ್ತೆ ಎದ್ದು ಕುಳಿತಳು. “ಅವಳು ಮಾಡೋದನ್ನ ನಾನು ಮಾಡಿ ತೋರಿಸಲ್ಲ. ಅದು ಆಸನ ಅಲ್ಲ. ಅವಳು ತಲೆ ಕಾಪಾಡ್ಕೊಳ್ತಾಳೆ. ಯಾರಾದ್ರೂ ಪಕ್ಕದಲ್ಲಿ ಕೈ ಎತ್ತಿದ್ರೆ ಹಾಗೆ ಮಾಡ್ತಾಳೆ. ಕಪ್ಪು ಹಲಗೆ ಒರೆಸೋಕೆ ಎತ್ತಿದ್ರೂ ಅಷ್ಟೇ.”

ನನಗೆ ಮೈಯೆಲ್ಲ ಉರಿಯಿತು. “ಯಾರ ಮನೆ ಮೇಲೆ ಕೆಸರು ಎರಚ್ತಿದ್ದೀಯ, ಗೊತ್ತಾ? ನಾಳೆಯಿಂದ ನೀನು ಈ ಗೇಟಿನ ಒಳಗೆ ಕಾಲಿಡೋ ಹಾಗಿಲ್ಲ.”

“ಆಗ್ಲಿ. ನನ್ನನ್ನ ತೆಗೀರಿ. ಆದ್ರೆ ತೆಗೆಯೋ ಮುಂಚೆ ಮಗುನ ಒಂದು ಸಲ ನೋಡಿ, ಅವಳು ಬರೆಯೋ ಚಿತ್ರ ನೋಡಿ.” ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ.

“ಏನು ಬರೆದಿದ್ದಾಳೆ ಚಿತ್ರದಲ್ಲಿ? ತೋರಿಸು” ಎಂದೆ.

“ಅವು ಅವಳವು. ಅವಳನ್ನೇ ಕೇಳಿ. ತೋರಿಸಿದ್ರೆ ನೋಡಿ.”

ನನಗೆ ಎದುರು ಮಾತಾಡಿದವರು ಕಡಿಮೆ. ಆದರೆ ಒಂದು ಮಗುವಿನ ಕಾಗದವನ್ನು ಅದರ ಅಪ್ಪಣೆಯಿಲ್ಲದೆ ನನಗೂ ತೋರಿಸುವುದಿಲ್ಲ ಎಂದವಳು ಮನೆಯ ಮಾನ ಕಳೆಯಲು ಬಂದವಳಲ್ಲ ಎಂಬಷ್ಟು ಬುದ್ಧಿ ನನಗಿದೆ.

ಅವತ್ತು ಸಂಜೆ ಮೆಣಸನ್ನು ನನ್ನ ಜೊತೆ ಕಾರ್ಖಾನೆಗೆ ಕರೆದುಕೊಂಡು ಬಂದೆ. ಕತ್ತರಿಸುವ ದೊಡ್ಡ ಮೇಜಿನ ಮೇಲೆ ಕೂರಿಸಿ, “ನಿನ್ನ ಚಿತ್ರ ನೋಡ್ಬಹುದಾ?” ಎಂದು ಕೇಳಿದೆ. ಸ್ವಲ್ಪ ಯೋಚನೆ ಮಾಡಿ ಚೀಲದಿಂದ ತೆಗೆದುಕೊಟ್ಟಳು. ಅಳುವ ಮುಖ, ರಾಕ್ಷಸ, ಅಂಥದ್ದೇನೂ ಇರಲಿಲ್ಲ. ಕುರ್ಚಿಯ ಕಾಲುಗಳು. ಮಂಚದ ಅಡಿ, ಅಲ್ಲಿ ಬಿದ್ದ ಒಂದು ಗುಂಡಿ. ಬಾಗಿಲ ಕೆಳಗಿನ ಸಂದಿಯಿಂದ ಬರುವ ಬೆಳಕು. ಲೇಸು ಕಟ್ಟಿದ ಎರಡು ದೊಡ್ಡ ಬೂಟು, ಬೂಟಿನ ಮೂತಿಗೆ ಮೆತ್ತಿದ ಕೆಂಪು ಮಣ್ಣು. ಹಾಳೆ ಹಾಳೆಗೂ ನೆಲದಿಂದ ಒಂದು ಗೇಣಿನವರೆಗೆ ಇರುವುದಷ್ಟೇ.

“ಮುಖ ಯಾಕೆ ಬರೆದಿಲ್ಲ ಪುಟ್ಟಾ?”

“ಅಲ್ಲಿಂದ ಮುಖ ಕಾಣಲ್ಲ ಅಜ್ಜಿ” ಎಂದಳು. ಪಾಠ ಒಪ್ಪಿಸಿದ ಹಾಗೆ, ಅಷ್ಟು ಸಲೀಸಾಗಿ.

ಆ ಬೂಟನ್ನು ಯಾರು ಹಾಕಿಕೊಳ್ಳುತ್ತಾರೆಂದು ನಾನು ಕೇಳಲಿಲ್ಲ. ಗೋಪುರ ಹತ್ತುವವರ ಬೂಟು ನನಗೆ ಗುರುತು ಸಿಗುವುದಿಲ್ಲವೇ?

ಮಗುವನ್ನು ಕಟಿಂಗ್ ಮಾಸ್ಟರ್ ಬಳಿ ಬಿಟ್ಟು ಪಕ್ಕದ ಬೀದಿಗೆ, ನಿಮ್ಮ ಮನೆಗೆ ಹೋದೆ. ನಿನ್ನ ಹೆಂಡತಿ ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಬಟ್ಟೆಯನ್ನೂ ಬದಲಾಯಿಸಿರಲಿಲ್ಲ.

“ಕಿವಿಗೆ ಚೆಂಡು ಬಿದ್ದದ್ದು ನಿಜಾನಾ?” ಎಂದೆ.

“ಇಲ್ಲ ಅತ್ತೆ.”

“ಮತ್ತೆ?”

“ಕೂಡೋ ಲೆಕ್ಕ ತಪ್ಪಾಯ್ತು. ನಾನು ಡ್ಯೂಟಿಲಿದ್ದೆ. ಬಂದಾಗ ಕಿವಿಯಿಂದ ರಕ್ತ ಬರ್ತಿತ್ತು. ನಮ್ಮ ಆಸ್ಪತ್ರೆ ಡಾಕ್ಟ್ರೇ ನೋಡಿ, ಕಿವಿ ತಮಟೆ ಹರಿದಿದೆ ಅಂದ್ರು. ಅದೊಂದೇ ಸಲ ಅಲ್ಲ. ರಜೆಗೆ ಬಂದಾಗಲೆಲ್ಲ ಓದಿಸ್ತೀನಿ ಅಂತ ಕೂರಿಸ್ಕೊಳ್ತಾರೆ. ಪುಸ್ತಕ ಮುಚ್ಚೋ ಹೊತ್ತಿಗೆ ಅವಳು ಮಂಚದ ಕೆಳಗೆ ಇರ್ತಾಳೆ.”

“ನನಗೆ ಯಾಕೆ ಹೇಳಲಿಲ್ಲ?”

ತಲೆ ಎತ್ತಿ ನನ್ನನ್ನೇ ನೋಡಿದಳು. “ಹೇಳಿದ್ದೆ ಅತ್ತೆ. ‘ಅಪ್ಪ ಅಂದ ಮೇಲೆ ಎರಡು ಏಟು ಕೊಡದೆ ಇರ್ತಾನಾ’ ಅಂದ್ರಿ. ಆಮೇಲೆ ಚೆಂಡುಗಳನ್ನೆಲ್ಲ ಮೂಟೆ ಕಟ್ಟಿ ತಂದ್ರಿ. ಇನ್ನು ಯಾರಿಗೆ ಹೇಳಲಿ?”

ಮದುವೆಯಾಗಿ ಬಂದಾಗಿನಿಂದ ಅವಳು ನನ್ನೆದುರು ಅಷ್ಟು ಮಾತಾಡಿದ್ದು ಅದೇ ಮೊದಲು. ನಾನು ಅಲ್ಲೇ, ಅವಳ ಪಕ್ಕದ ಮೆಟ್ಟಿಲ ಮೇಲೆ ಕುಳಿತೆ. ಒಲೆ ಹಚ್ಚಿರಲಿಲ್ಲ.

ನೀನು ಹೇಳಬಹುದಾದ್ದನ್ನೆಲ್ಲ ನಾನೇ ನನಗೆ ಹೇಳಿಕೊಂಡೆ. ಬಿಸಿಲಲ್ಲಿ, ಎತ್ತರದಲ್ಲಿ, ಪ್ರಾಣ ಕೈಯಲ್ಲಿ ಹಿಡಿದು ದುಡಿಯುವವನು. ದಣಿದು ಬರುತ್ತಾನೆ. ಮಗಳು ಚೆನ್ನಾಗಿ ಓದಲಿ ಎಂಬ ಆಸೆ. ಎಲ್ಲವೂ ನಿಜವಿರಬಹುದು. ಆದರೆ ಅದೇ ನೀನು ಗೋಪುರದ ಮೇಲೆ ಒಂದು ಬೋಲ್ಟನ್ನೂ ಸಿಟ್ಟಿನಿಂದ ತಿರುಗಿಸುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದ್ದೆ. ಕೈಯನ್ನು ತಡೆಯಲು ಬರುತ್ತದೆ ನಿನಗೆ. ಕಬ್ಬಿಣದ ಮುಂದೆ ಬರುವುದು ಮಗುವಿನ ಮುಂದೆ ಯಾಕೆ ಬರಲಿಲ್ಲ? ಉತ್ತರ ನನಗೆ ಬರೆಯಬೇಡ. ನಿನಗೆ ನೀನೇ ಹೇಳಿಕೋ.

ಈಗ ಮೆಣಸಿನ ವಿಷಯ. ಟೀಚರನ್ನು ತೆಗೆಯಲಿಲ್ಲ. ಮರುದಿನ ನಾನೇ ಅವಳ ಕೋಣೆಗೆ ಹೋಗಿ, “ಏನು ಮಾಡಬೇಕು ಹೇಳು” ಎಂದೆ. ಅವಳು ನನ್ನನ್ನು ಹಂಗಿಸಲಿಲ್ಲ. “ಅವಳೊಬ್ಬಳಿಗೆ ಅಂತ ಏನೂ ಬೇಡ ದೊಡ್ಡಮ್ಮ. ಎಲ್ಲರಿಗೂ ಮಾಡೋಣ, ಅವಳು ಎಲ್ಲರ ಜೊತೆ ಇರ್ಲಿ” ಎಂದಳು. ಈಗ ಇಡೀ ತರಗತಿ ಮೊಲದ ಆಸನವನ್ನು ಬೇರೆ ರೀತಿ ಮಾಡುತ್ತದೆ. ಚಾಪೆಯ ಮುಂದೆ ಒಂದು ದೊಡ್ಡ ಹಾಳೆ. ನಮ್ಮ ಕಾರ್ಖಾನೆಯಲ್ಲಿ ಅಳತೆ ಬರೆಯುವ ಕಂದು ಕಾಗದ ಕೊಟ್ಟಿದ್ದೇನೆ. ಎರಡು ಕೈಯಲ್ಲೂ ಒಂದೊಂದು ಬಣ್ಣದ ಕಡ್ಡಿ. ಉಸಿರು ಬಿಡುತ್ತ ಬಗ್ಗಬೇಕು, ಬಗ್ಗುತ್ತ ಎರಡೂ ಕೈಯಿಂದ ಹಾಳೆಯ ಮೇಲೆ ಗೆರೆ ಎಳೆಯುತ್ತ ಮುಂದಕ್ಕೆ ಹೋಗಬೇಕು. ಗೆರೆ ಹೇಗೆ ಹೋದರೂ ಸರಿ, ತಪ್ಪು ಎನ್ನುವವರಿಲ್ಲ. ಹಿಂದಕ್ಕೆ ಬರುವಾಗ ಉಸಿರು ಒಳಗೆ. ಹೀಗೆ ಮಾಡಿ ಮಾಡಿ ಹಾಳೆಯ ಮೇಲೆ ಎರಡು ರೆಕ್ಕೆಯಂಥದ್ದೇನೋ ಆಗುತ್ತದೆ.

ಮೊದಲ ದಿನ ಮೆಣಸಿನ ಗೆರೆ ಮಂಡಿಯಿಂದ ಒಂದು ಬೆರಳಿನಷ್ಟು ದೂರ ಹೋಗಿ ನಿಂತಿತು. ಕಡ್ಡಿಗಳು ಕೆಳಗೆ ಬಿದ್ದವು, ಕೈ ಕತ್ತಿಗೆ ಹೋಯಿತು. ಪಕ್ಕದ ಹುಡುಗಿ ಬಿದ್ದ ಕಡ್ಡಿಯನ್ನು ಎತ್ತಿ ಅವಳ ಹಾಳೆಯ ಮೇಲಿಟ್ಟಳು, ಅಷ್ಟೇ. ನಾನು ಬಾಗಿಲ ಹೊರಗೆ ಬೂಟುಗಳ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ವಾರ ವಾರವೂ ನಿಲ್ಲುತ್ತೇನೆ. ಮೊನ್ನೆ ಅವಳ ಬಲಗೈಯ ಹಳದಿ ಗೆರೆ ಹಾಳೆಯ ಅಂಚು ದಾಟಿ ನೆಲದ ಮೇಲೂ ಹೋಗಿತ್ತು. ಎಡಗೈ ಇನ್ನೂ ಹತ್ತಿರದಲ್ಲೇ ಇದೆ. “ಎಡಗೈಗೆ ಅವಸರ ಇಲ್ಲ” ಎನ್ನುತ್ತಾಳೆ ಟೀಚರ್.

ಪೂರ್ತಿ ವಾಸಿಯಾಗುತ್ತದೆ ಎಂದು ಯಾರೂ ನನಗೆ ಮಾತು ಕೊಟ್ಟಿಲ್ಲ. ಕಾರ್ಖಾನೆಯಲ್ಲಿ ಯಾರಾದರೂ ಎತ್ತರದ ಕಪಾಟಿನಿಂದ ಬಟ್ಟೆಯ ಥಾನು ತೆಗೆದರೆ ಅವಳು ಇನ್ನೂ ತಲೆ ತಗ್ಗಿಸುತ್ತಾಳೆ. ಅದಕ್ಕೆ ಥಾನುಗಳನ್ನೆಲ್ಲ ಕೆಳಗಿನ ಕಪಾಟಿಗೆ ಇಳಿಸಿದ್ದೇವೆ. ಕಟಿಂಗ್ ಮಾಸ್ಟರ್, “ಇನ್ನು ಮೇಲೆ ನಾವೆಲ್ಲ ಬಗ್ಗಿಯೇ ಬಾಳಬೇಕು” ಎಂದು ಸೊಂಟ ಹಿಡಿದುಕೊಂಡು ಗೊಣಗುತ್ತಾರೆ. ಮೆಣಸು ಅದಕ್ಕೆ ನಕ್ಕಳು. ಬಹಳ ದಿನಗಳ ಮೇಲೆ ಕೇಳಿದ ನಗು.

ಹೆಡ್‌ಮಾಸ್ಟರ್ ಮತ್ತು ಸಮಿತಿಯ ಮುಂದೆ ನಿಂತು ಚೆಂಡಿನ ವಿಷಯದಲ್ಲಿ ನನಗೆ ಹೇಳಿದ್ದು ಸುಳ್ಳು, ಶಾಲೆಯದು ತಪ್ಪಿರಲಿಲ್ಲ ಎಂದು ಹೇಳಿದೆ. ಯಾರ ಸುಳ್ಳು ಎಂದೂ ಹೇಳಿದೆ. ಔಷಧಿ ಅಂಗಡಿಯವರು ನೆಲ ನೋಡಿದರು. ಚೆಂಡುಗಳು ಮಕ್ಕಳಿಗೆ ವಾಪಸು ಹೋದವು. ಚಾಪೆ ಟೀಚರ್ ತರಗತಿಯೂ ಉಳಿಯಿತು, ಅದಕ್ಕೆ ಬೇರೆ ಪೀರಿಯಡ್ ಕೊಟ್ಟಿದ್ದೇವೆ. ನಾನು ಅಧ್ಯಕ್ಷ ಸ್ಥಾನ ಬಿಟ್ಟಿಲ್ಲ. ಬಿಡಬೇಕು ಎಂದು ಒಬ್ಬರು ಅಂದರು. “ನನ್ನ ಮೊಮ್ಮಗಳು ಎರಡೂ ಕೈ ಚಾಚೋವರೆಗೆ ಕೂತಿರ್ತೀನಿ, ಆಮೇಲೆ ಕೇಳಿ” ಎಂದೆ.

ಇನ್ನು ನಾನು ಮಾಡಿ ಮುಗಿಸಿದ ಕೆಲಸಗಳನ್ನು ಹೇಳಿಬಿಡುತ್ತೇನೆ. ನಿನ್ನನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಸೊಸೆಯೂ ಮೆಣಸೂ ನನ್ನ ಜೊತೆ ಕಾರ್ಖಾನೆಯ ಮೇಲಿನ ಮನೆಯಲ್ಲಿದ್ದಾರೆ. ಪಕ್ಕದ ಬೀದಿಯ ಮನೆ ನನ್ನದು, ನ್ಯಾಯವಾಗಿಯೂ ಕಾಗದದಲ್ಲೂ. ಅದನ್ನು ಆಸ್ಪತ್ರೆಯ ಒಬ್ಬ ಕಂಪೌಂಡರ್ ಸಂಸಾರಕ್ಕೆ ಬಾಡಿಗೆಗೆ ಕೊಟ್ಟಿದ್ದೇನೆ. ನಿನ್ನ ಬಟ್ಟೆ, ಪಾತ್ರೆ, ಪುಸ್ತಕ ಎಲ್ಲ ಟ್ರಂಕಿಗೆ ತುಂಬಿ ಕಟಿಂಗ್ ಮಾಸ್ಟರ್ ಮನೆಯಲ್ಲಿ ಇಡಿಸಿದ್ದೇನೆ. ಚಳಿಗಾಲದ ಕೋಟಿನ ಹರಿದ ಜೇಬು ಹೊಲಿದಿದ್ದೇನೆ. ಬಂದಾಗ ಅಲ್ಲಿಂದ ತೆಗೆದುಕೋ. ಶಾಲೆಯ ಗೇಟಿನವನಿಗೆ ಹೇಳಿದೆ: ಮಗುವನ್ನು ಕರೆದುಕೊಂಡು ಹೋಗಲು ಬರಬಹುದಾದವರು ತಾಯಿ ಮತ್ತು ಅಜ್ಜಿ, ಮೂರನೆಯವರಿಲ್ಲ. ಅವನು, “ಅಣ್ಣ ಬಂದ್ರೆ?” ಎಂದು ನಿನ್ನ ವಿಷಯ ಕೇಳಿದ. “ಅಣ್ಣನೂ ಇಲ್ಲ” ಎಂದೆ.

ಶುಕ್ರವಾರ ನಿನ್ನ ಹೆಂಡತಿಯೂ ನಾನೂ ಪೊಲೀಸ್ ಠಾಣೆಗೆ ಹೋದೆವು. ಡಾಕ್ಟರ ಚೀಟಿ ಅವಳ ಹತ್ತಿರವಿತ್ತು. ಅಲ್ಲಿ ಬರೆದುಕೊಳ್ಳುವ ಹೆಂಗಸಿನ ಮಕ್ಕಳಿಗೂ ನಾನೇ ಸಮವಸ್ತ್ರ ಹೊಲಿಯುವುದು. ನನ್ನನ್ನು ಕಂಡು ಎದ್ದು ಕುರ್ಚಿ ಕೊಟ್ಟಳು. ವಿಷಯ ಕೇಳಿ ದನಿ ತಗ್ಗಿಸಿ, “ದೊಡ್ಡಮ್ಮ, ಮನೆ ವಿಷಯ... ಮನೇಲೇ ಕೂತು ಮಾತಾಡಿ ಮುಗಿಸ್ಕೊಳ್ಳಬಹುದಲ್ಲ?” ಎಂದಳು.

“ಮನೇಲೇ ಮುಗಿಸ್ಕೊಂಡಿದ್ದಕ್ಕೇ ಮಗು ಈ ಗತಿಗೆ ಬಂದಿದ್ದು. ಬರ್ಕೋ” ಎಂದೆ.

ದೂರು ಕೊಟ್ಟವಳು ನಿನ್ನ ಹೆಂಡತಿ. ಸಾಕ್ಷಿಯ ಜಾಗದಲ್ಲಿ ನನ್ನನ್ನು ಬರೆಸಿದೆ. ಹೆಸರು ಕೇಳಿದಳು, ಹೇಳಿದೆ. ವಯಸ್ಸು, ಉದ್ಯೋಗ ಹೇಳಿದೆ. ಆಮೇಲೆ ಪೆನ್ನು ನಿಲ್ಲಿಸಿ, “ಆರೋಪಿಗೂ ನಿಮಗೂ ಏನು ಸಂಬಂಧ ಅಂತ ಬರೀಬೇಕು ದೊಡ್ಡಮ್ಮ” ಎಂದು, ಗೊತ್ತಿದ್ದೂ, ಕಣ್ಣು ತಪ್ಪಿಸಿ ಕೇಳಿದಳು.

“ತಾಯಿ” ಎಂದೆ. ಬರೆದುಕೊಂಡಳು. ಸಹಿ ಹಾಕಿ ಬಂದೆ.

ಆರೋಗ್ಯ ನೋಡಿಕೋ. ಹೊತ್ತಿಗೆ ಊಟ ಮಾಡು. ಮೇಲೆ ಹತ್ತುವಾಗ ಸೊಂಟದ ಬೆಲ್ಟು ಮರೆಯಬೇಡ. ಇವತ್ತಿಗೂ ನಿನಗೆ ಒಳ್ಳೆಯದಾಗಲಿ ಎಂದೇ ಹರಸುತ್ತೇನೆ, ಅದನ್ನು ತಡೆಯಲು ನನ್ನ ಕೈಯಲ್ಲೂ ಆಗುವುದಿಲ್ಲ.

ಇಂತು,
ನಿನ್ನ ಅಮ್ಮ

ಪತ್ರ ಮಡಿಸಿಟ್ಟು ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ನಿನ್ನ ಅಪ್ಪ ನನ್ನ ಮೇಲೆ ಕೈ ಮಾಡುತ್ತಿದ್ದದ್ದು ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ನಿನ್ನೊಬ್ಬನ ಹೊರತು. ನೀನಾಗ ಎರಡನೇ ತರಗತಿ. ಒಂದು ಮಾತೂ ಆಡದೆ ಬಂದು, ನಿನ್ನ ಎರಡೂ ತೋಳು ಅಗಲಿಸಿ ನನ್ನ ಮುಂದೆ ನಿಲ್ಲುತ್ತಿದ್ದೆ. ನಿನ್ನ ತಲೆ ನನ್ನ ಸೊಂಟದ ಮಟ್ಟಕ್ಕಿತ್ತು. ಅವರು ನಿನ್ನನ್ನು ಎತ್ತಿ ಪಕ್ಕಕ್ಕಿಟ್ಟರೆ ಮತ್ತೆ ಬಂದು ನಿಲ್ಲುತ್ತಿದ್ದೆ. ಠಾಣೆಯಲ್ಲಿ ಪೆನ್ನು ಹಿಡಿದಾಗ ಕೈ ಮುಂದೆ ಹೋಗಲಿಲ್ಲ. ಸಹಿ ಹಾಕಬೇಡ ಎಂದು ಯಾರು ಹೇಳುತ್ತಾರೆ, ಹಾಕು ಎಂದು ಯಾರು ಹೇಳುತ್ತಾರೆ ಎಂದು ಯೋಚಿಸಿದೆ. ಆ ಹುಡುಗ ಅಲ್ಲಿದ್ದಿದ್ದರೆ ಮೆಣಸಿನ ಮುಂದೆ ಹೋಗಿ ನಿಲ್ಲುತ್ತಿದ್ದ. ನಾನು ಅವನ ತಾಯಿ. ಅವನ ಪರವಾಗಿಯೇ ಸಹಿ ಹಾಕಿದ್ದೇನೆ.